ಗಣಕಯಂತ್ರಕ್ಕೆ ಪಾಠ ಹೇಳುವ ವಿದ್ಯೆ

ಗಣಕಯಂತ್ರಕ್ಕೆ ಕೆಲಸ ಹೇಳಿಕೊಡುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮೀಸಲಾದ ವಿದ್ಯೆಯೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮಗೆ ಅದರ ಗೊಡವೆ ಏತಕ್ಕೆ ಎಂದು ಕೇಳುವವರೇ ಹೆಚ್ಚು. ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನ ಒಂದು ಶಿಬಿರದಲ್ಲಿ ಎಂಟು ವಾರ ಈ ವಿದ್ಯೆಯನ್ನು ಅಭ್ಯಾಸಮಾಡುವ ಅವಕಾಶ ನನಗೆ ಒದಗಿತು. ಅಲ್ಲಿ ಕಂಡುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಅಮೆರಿಕದ ಸೈನ್ಯದಲ್ಲಿ ಹೊಸದಾಗಿ ಸೇರಿದವರಿಗೆ ಕೊಡುವ ಕಠಿಣ ಶಿಕ್ಷಣಕ್ಕೆ ‘ಬೂಟ್‌ಕ್ಯಾಂಪ್’ ಎನ್ನುತ್ತಾರೆ. ಅಲ್ಪಕಾಲದಲ್ಲಿ ಬಹಳ ಕಲಿಸುವ ಶಿಬಿರಗಳಿಗೂ ಅದೇ ಹೆಸರು ಅಂಟಿತು. 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಪ್ರಾರಂಭವಾದ ‘ಡೆವ್ ಬೂಟ್‌ಕ್ಯಾಂಪ್’ ಈ ಬಗೆಯ ಮೊದಲ ಶಾಲೆಗಳಲ್ಲೊಂದು. ಬಹು ಬೇಗ ಪ್ರಸಿದ್ಧಿಗೆ ಬಂದ ಆ ಶಾಲೆ 2017ರಲ್ಲಿ ಮುಚ್ಚಿತು. ಆದರೆ ಅದು ಹಾಕಿಕೊಟ್ಟ ಪದ್ಧತಿ ಮಾತ್ರ ದೇಶದೇಶಗಳಿಗೆ ಹಬ್ಬಿತು.

ನಮ್ಮ ಶಿಬಿರದಲ್ಲಿ ಬೆಳಗ್ಗೆ ಒಂದು ಗಂಟೆ ಮಾತ್ರ ಉಪನ್ಯಾಸ. ಉಳಿದ ಹೊತ್ತೆಲ್ಲ ಇಬ್ಬಿಬ್ಬರು ಜೊತೆಯಾಗಿ ಕುಳಿತು ಕೆಲಸಮಾಡಬೇಕು. ಒಬ್ಬರು ಕೀಲಿಮಣೆಯ ಮೇಲೆ ಬರೆಯುತ್ತಿದ್ದರೆ ಇನ್ನೊಬ್ಬರು ನೋಡುತ್ತ, ಪ್ರಶ್ನೆ ಕೇಳುತ್ತ ಇರಬೇಕು. ಕಲಿಸಿದ ಭಾಷೆ ಪೈಥಾನ್. 1991ರಲ್ಲಿ ಗೀಡೋ ವಾನ್ ರಾಸಮ್ ಅವರು ಹೊರತಂದದ್ದು. ಯಂತ್ರಕ್ಕೆ ಕೊಡುವ ಆದೇಶಗಳ ಸಾಲಿಗೆ ಕನ್ನಡದಲ್ಲಿ ‘ಕ್ರಮವಿಧಿ’ ಎಂಬ ಒಳ್ಳೆಯ ಮಾತಿದೆ. ಕ್ರಮವೂ ಇರಬೇಕು, ವಿಧಿಯೂ ಇರಬೇಕು.

ಈ ವಿದ್ಯೆಯಲ್ಲಿ ಗುರುವಿನ ಸ್ಥಾನದಲ್ಲಿರುವುದು ತಪ್ಪಿನ ಸೂಚನೆ. ಉದಾಹರಣೆಗೆ, ಐದು ಹೆಸರುಗಳ ಪಟ್ಟಿಯನ್ನು ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ. ಕೊನೆಯ ಹೆಸರಿನ ಸಂಖ್ಯೆ 4. ಐದನೆಯ ಸಂಖ್ಯೆಯದನ್ನು ಕೊಡೆಂದರೆ ‘ಇಂಡೆಕ್ಸ್ ಎರರ್’ ಎಂಬ ಸೂಚನೆ ಬರುತ್ತದೆ. ಹೊಸಬರು ಅದನ್ನು ಬೈಗುಳವೆಂದು ತಿಳಿದು ಬೇಗನೆ ಅಳಿಸಿಬಿಡುತ್ತಾರೆ. ಅದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಏನು ತಪ್ಪಾಯಿತೆಂಬುದು ಕೊನೆಯ ಸಾಲಿನಲ್ಲಿಯೂ, ಎಲ್ಲಿ ಆಯಿತೆಂಬುದು ಅದರ ಮೇಲಿನ ಸಾಲುಗಳಲ್ಲಿಯೂ ಇರುತ್ತದೆ. ಅಂತೆಯೇ, ಕ್ರಮವಿಧಿಯನ್ನು ನಡೆಸುವ ಮೊದಲು ಉತ್ತರ ಏನು ಬಂದೀತೆಂದು ಕಾಗದದ ಮೇಲೆ ಬರೆದಿಟ್ಟುಕೊಂಡವರು ಬೇಗ ಕಲಿತರು. ಹಲಗೆಯ ಮೇಲಿನದನ್ನು ನಕಲುಮಾಡಿದವರ ಕ್ರಮವಿಧಿ ಅಂದು ನಡೆಯಿತು. ಮರುದಿನ ತಾವಾಗಿ ಬರೆಯಹೊರಟಾಗ ಕೈ ಓಡಲಿಲ್ಲ.

ಎರಡನೆಯ ವಾರ ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಎಣಿಸುವ ಅಭ್ಯಾಸ ಕೊಟ್ಟರು. ಎಲ್ಲರೂ ಇಂಗ್ಲಿಷ್ ಪದಗಳನ್ನು ತೆಗೆದುಕೊಂಡರು. ನಾನೂ ನನ್ನ ಜೊತೆಗಾತಿಯೂ ‘ಕನ್ನಡ’ ಎಂಬ ಪದವನ್ನೇ ಕೊಟ್ಟೆವು. ಯಂತ್ರ ಐದು ಎಂದಿತು! ಒಂದನೆಯ ತರಗತಿಯ ಮಗುವೂ ಮೂರು ಎನ್ನುತ್ತದಲ್ಲವೆ? ಯಂತ್ರದ ದೃಷ್ಟಿಯಲ್ಲಿ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತಗಳಿವೆ. ಯೂನಿಕೋಡ್ ನಮ್ಮ ಲಿಪಿಯನ್ನು ಹಾಗೆ ಬಿಡಿಸಿಟ್ಟಿದೆ. ‘ಸ್ತ್ರೀ’ ಎಂದರೆ ಆರು ಎನ್ನುತ್ತದೆ. ಇದು ಯಂತ್ರದ ದಡ್ಡತನವಲ್ಲ. ಅಕ್ಷರವೆಂದರೇನೆಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹೇಳಬೇಕಾದರೆ ವ್ಯಾಕರಣದ ತಿಳಿವಳಿಕೆ ಬೇಕು. ಪದದಲ್ಲಿರುವ ಸ್ವರಾಕ್ಷರಗಳನ್ನೂ ವ್ಯಂಜನಗಳನ್ನೂ ಕೂಡಿಸಿ, ಅದರಲ್ಲಿ ವಿರಾಮ ಚಿಹ್ನೆಗಳಷ್ಟನ್ನು ಕಳೆಯಬೇಕು. ಕಾಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಎಣಿಸಕೂಡದು. ‘ಕನ್ನಡ’ದಲ್ಲಿ ನಾಲ್ಕರಲ್ಲಿ ಒಂದು ಹೋಗಿ ಮೂರು; ‘ಸ್ತ್ರೀ’ಯಲ್ಲಿ ಮೂರರಲ್ಲಿ ಎರಡು ಹೋಗಿ ಒಂದು. ಮುಂದೆ ಛಂದಸ್ಸಿನ ಮಾತ್ರೆಗಳನ್ನೂ ಎಣಿಸಿದೆವು. ದೀರ್ಘವಾದರೆ ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ ವಿಸರ್ಗಗಳಿದ್ದರೆ ಗುರು, ವ್ಯಂಜನದಿಂದ ಮುಗಿದರೆ ಗುರು, ಉಳಿದದ್ದು ಲಘು. ‘ಕನ್ನಡ’ ಒಂದು ಗುರು, ಎರಡು ಲಘು, ನಾಲ್ಕು ಮಾತ್ರೆ. ಒಂದೇ ಪದಕ್ಕೆ ಐದು ಸಂಕೇತ, ಮೂರು ಅಕ್ಷರ, ನಾಲ್ಕು ಮಾತ್ರೆ! ಯಾವುದನ್ನು ಎಣಿಸಬೇಕೆಂದು ನಿರ್ಣಯಿಸುವವನು ಮನುಷ್ಯ. ಶಿಬಿರದಲ್ಲಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಂದು ನಮ್ಮ ಬಳಿ ಬಂದು ಲಘು ಗುರುಗಳ ಪಾಠ ಹೇಳಿಸಿಕೊಂಡರು.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ನಮ್ಮೊಡನೆ ಇತಿಹಾಸದ ಪದವಿ ಮುಗಿಸಿ ಬಂದ ಒಬ್ಬ ಯುವಕನಿದ್ದ. ಅಕ್ಕನ ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟಿದ್ದ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ಬಲು ವೇಗವಾಗಿ. ಅರ್ಥವಾಗದುದನ್ನು ಕೇಳಲು ಸಂಕೋಚಪಟ್ಟು, ಇದು ತನ್ನಂಥವರಿಗಲ್ಲವೆಂದು ತೀರ್ಮಾನಿಸಿ, ನಾಲ್ಕನೆಯ ವಾರ ಊರಿಗೆ ಹೊರಟುಹೋದ. ಶುಲ್ಕ ಹಿಂದಿರುಗಲಿಲ್ಲ. ಪ್ರಕಟಣೆಯಲ್ಲಿ ‘ಉದ್ಯೋಗ ಖಚಿತ’ ಎಂದಿದ್ದ ಮಾತು ಸಹಿ ಮಾಡಿಸಿಕೊಂಡ ಕಾಗದದಲ್ಲಿ ‘ಉದ್ಯೋಗಕ್ಕೆ ನೆರವು’ ಎಂದಾಗಿತ್ತು. ಅವನಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ಹಳೆಯ ಶಾಸನದ ತೇದಿಗಳನ್ನು ಲೆಕ್ಕಹಾಕಿ ಹೇಳಬಲ್ಲವನಿಗೆ ಒಂದು ಕ್ರಮವಿಧಿ ಬರೆಯುವುದು ಅಸಾಧ್ಯವೆ? ಅವನಿಗೆ ಬೇಕಾಗಿದ್ದುದು ಇನ್ನಷ್ಟು ಕಾಲ, ತನ್ನ ಭಾಷೆಯಲ್ಲಿ ಕೇಳಬಹುದಾದ ಒಬ್ಬ ಗೆಳೆಯ.

ಆದುದರಿಂದ ಶಿಬಿರಕ್ಕೆ ಸೇರಬೇಕೆನ್ನುವವರಲ್ಲಿ ನನ್ನ ಸಲಹೆಯಿಷ್ಟು. ಹಣ ಕಟ್ಟುವ ಮೊದಲು ಒಂದು ತಿಂಗಳು ಸ್ವಂತವಾಗಿ ಕಲಿತು ನೋಡಿ. ಪೈಥಾನ್‌ಗೆ ಬೆಲೆಯಿಲ್ಲ; ಅದರ ಪಾಠಗಳೂ ಉಚಿತ. ಮುಂಬಯಿಯ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಭಾರತೀಯ ಭಾಷೆಗಳಲ್ಲಿಯೂ ಪಾಠಗಳನ್ನು ಒದಗಿಸುತ್ತದೆ. ಪ್ರಕಟಣೆಯನ್ನು ಬಿಟ್ಟು ಕರಾರುಪತ್ರವನ್ನು ಓದಿ. ಮಧ್ಯದಲ್ಲಿ ಬಿಟ್ಟರೆ ಹಣದ ಗತಿಯೇನೆಂದು ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಹೋಗದೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಎಂಟು ವಾರದಲ್ಲಿ ಯಾರೂ ಪಂಡಿತರಾಗುವುದಿಲ್ಲ. ಆದರೆ ತಿಳಿದಿದೆಯೆಂದು ನಂಬಿದ್ದ ವಿಷಯವನ್ನು ಏನೂ ತಿಳಿಯದ ಯಂತ್ರಕ್ಕೆ ಬಿಡಿಬಿಡಿಯಾಗಿ ಹೇಳಹೊರಟಾಗ, ನಮಗೆ ಎಷ್ಟು ತಿಳಿದಿದೆಯೆಂಬುದು ಗೊತ್ತಾಗುತ್ತದೆ. ನಮ್ಮ ಕಾಲೇಜಿನ ಗಣಕ ಕೊಠಡಿ ಮಧ್ಯಾಹ್ನದ ಮೇಲೆ ಬರಿದಾಗಿರುತ್ತದೆ. ಅಧ್ಯಾಪಕರು ಅನುಮತಿಯಿತ್ತರೆ ವಾರಕ್ಕೆರಡು ದಿನ ಅಲ್ಲಿ ಕನ್ನಡದಲ್ಲಿಯೇ ಈ ಅಭ್ಯಾಸವನ್ನು ನಡೆಸಬಹುದು. ಬರುವವರ ಜೊತೆ ಕುಳಿತು ಕಲಿಯಲು ನಾನು ಸಿದ್ಧ.