ಹೊರಗೆ ಬಿಟ್ಟರೆ ಜ್ವರ, ಒಳಗಿಟ್ಟರೆ ಮಾತಿಲ್ಲ: ರೋಗನಿರೋಧಕ ಶಕ್ತಿಯ ಪಾಠ ಮತ್ತು ಒಂದು ವ್ಯಕ್ತಿ ಅಧ್ಯಯನ

ಪೀಠಿಕೆ

ಅಭ್ಯಾಸ ಬೋಧನೆಯ ಮೂರನೆಯ ವಾರ. ರಾಯಬಾಗ ತಾಲೂಕಿನ ದಿಗ್ಗೇವಾಡಿ ಭಾಗದ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ದೀಪಾವಳಿ ಮುಗಿದು ಕಬ್ಬು ಕಡಿಯುವ ಕೆಲಸ ಶುರುವಾಗಿತ್ತು. ಹಾಜರಾತಿ ಕಡಿಮೆ, ಬಂದವರಲ್ಲಿ ಅರ್ಧದಷ್ಟು ಮಕ್ಕಳಿಗೆ ನೆಗಡಿ. ಲಸಿಕೆಯ ಭಾಗ ಮುಗಿಸುತ್ತಾ, "ಲಸಿಕೆ ಹಾಕಿಸಿಕೊಂಡವರು ರೋಗಕ್ಕೆ ಹೆದರಬೇಕಾಗಿಲ್ಲ" ಎಂದೆ. ಎರಡನೆಯ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಟೀಚರ್, ನಮ್ಮ ತಮ್ಮಗ ಎಲ್ಲಾ ಲಸಿಕಿ ಹಾಕಿಸ್ಯಾರ್ರಿ. ಆದ್ರೂ ಯಾಕ ಪದೇ ಪದೇ ಜ್ವರಾ ಬರ್ತದ್ರಿ?"

ಗಂಟೆ ಬಾರಿಸಲು ಐದು ನಿಮಿಷ ಉಳಿದಿತ್ತು. "ಒಬ್ಬೊಬ್ಬರಿಗೆ ಹಾಗಾಗುತ್ತದೆ, ಕುಳಿತುಕೋ" ಎಂದು ಹೇಳಿ ಸಾರಾಂಶಕ್ಕೆ ಹೋದೆ. ನನ್ನ ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ವಾಕ್ಯ ಬರೆದಿದ್ದರು: "ಇಡೀ ಪಾಠದಲ್ಲಿ ನಿಜವಾದ ಪ್ರಶ್ನೆ ಇದೊಂದೇ ಬಂತು. ಅದನ್ನು ಕೂರಿಸಿಬಿಟ್ಟಿರಿ."

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ. ತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಮಗುವಿನ, ಮನೆಯವರ, ಶಾಲೆಯ ಹೆಸರು ಬರೆದಿಲ್ಲ.

ಮಗುವಿನ ಹಿನ್ನೆಲೆ

ಆ ವಿದ್ಯಾರ್ಥಿನಿ ತಿಂಗಳಿಗೆ ಆರೇಳು ದಿನ ಗೈರುಹಾಜರಾಗುತ್ತಿದ್ದಳು. ಕಾರಣ ತಿಳಿಯಲು ಒಂದು ಸಂಜೆ ಮನೆಗೆ ಹೋದೆ. ತಮ್ಮನಿಗೆ ನಾಲ್ಕು ವರ್ಷ, ಡೌನ್ ಸಿಂಡ್ರೋಮ್ ಇದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ರಕ್ತಪರೀಕ್ಷೆಯಿಂದ ಅದು ಖಚಿತವಾಗಿತ್ತು. ಎರಡೂವರೆ ವರ್ಷಕ್ಕೆ ನಡೆದಿದ್ದಾನೆ. ಮಾತು ಮೂರೋ ನಾಲ್ಕೋ ಶಬ್ದ. ಎರಡು ಸಲ ನ್ಯುಮೋನಿಯಾ ಆಗಿ ಮಿರಜದ ಆಸ್ಪತ್ರೆಯಲ್ಲಿ ಮಲಗಿದ್ದ. ಎರಡನೆಯ ಸಲ, ಅಂಗನವಾಡಿಗೆ ಹೋಗಲು ಶುರುಮಾಡಿದ ಇಪ್ಪತ್ತು ದಿನಕ್ಕೆ. ಅಂದಿನಿಂದ ತಾಯಿ ಅವನನ್ನು ಹೊಸ್ತಿಲು ದಾಟಿಸಿರಲಿಲ್ಲ. ತಾಯಿ ಕೂಲಿಗೆ ಹೋದ ದಿನ ಅಜ್ಜಿ ನೋಡಿಕೊಳ್ಳುತ್ತಾರೆ. ಅಜ್ಜಿಗೆ ಆಗದ ದಿನ ಅಕ್ಕ ಶಾಲೆ ತಪ್ಪಿಸುತ್ತಾಳೆ.

ಇದನ್ನೆಲ್ಲ ಕೇಳುವ ಮೊದಲೇ ನಾನು ಬಾಯಿಪಾಠದ ಸಲಹೆ ಕೊಟ್ಟಿದ್ದೆ: "ಅಂಗನವಾಡಿಗೆ ಕಳಸ್ರಿ ಅಕ್ಕಾರ, ಮಕ್ಕಳ ಜೋಡಿ ಕೂಡಿದ್ರ ಎಲ್ಲಾ ಕಲೀತಾನ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೊರಗ ಬಿಟ್ರ ಜ್ವರಾ, ಒಳಗ ಇಟ್ರ ಮಾತಿಲ್ಲ. ನಾ ಏನ್ ಮಾಡ್ಲಿ ನೀವ ಹೇಳ್ರಿ ಅಕ್ಕೋರ."

ನನ್ನ ಬಳಿ ಉತ್ತರ ಇರಲಿಲ್ಲ. ಮರಳುವಾಗ ಅವರು ಬಾಗಿಲಲ್ಲಿ ಇನ್ನೊಂದು ಮಾತು ಕೇಳಿದರು: "ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ನ್ರಿ. ಅದಕ್ಕ ಹಿಂಗಾತೇನ್ರಿ?" ಇದಕ್ಕೆ ಮಾತ್ರ ನಾನು ಅಲ್ಲೇ ಉತ್ತರಿಸಬಲ್ಲವಳಾಗಿದ್ದೆ. ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಿಷಯ ಜ್ಞಾನ: ಒಂದು ಹೆಚ್ಚಿನ ವರ್ಣತಂತು ಮಾಡುವ ಕೆಲಸ

ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿರುತ್ತವೆ. ಡೌನ್ ಸಿಂಡ್ರೋಮ್ ಇರುವ ಹೆಚ್ಚಿನ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿದ್ದು, ಒಟ್ಟು 47 ಆಗುತ್ತದೆ. ಈ ಸ್ಥಿತಿಯ ಲಕ್ಷಣಗಳನ್ನು ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ 1866ರಲ್ಲಿ ವಿವರಿಸಿದ. ವರ್ಣತಂತುವಿನ ಕಾರಣ ತಿಳಿದದ್ದು 1959ರಲ್ಲಿ, ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರಿಂದ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ಬೇರ್ಪಡದೆ ಉಳಿಯುವುದೇ ಹೆಚ್ಚಿನ ಪ್ರಕರಣಗಳ ಮೂಲ. ತಾಯಿ ತಿಂದದ್ದು, ನೋಡಿದ್ದು, ಗ್ರಹಣದಲ್ಲಿ ಓಡಾಡಿದ್ದು ಯಾವುದೂ ಕಾರಣವಲ್ಲ.

ಈ ಮಕ್ಕಳಿಗೆ ಸೋಂಕು ಹೆಚ್ಚಲು ಎರಡು ಬಗೆಯ ಕಾರಣಗಳಿವೆ. ಮೊದಲನೆಯದು ರಕ್ಷಣಾ ವ್ಯವಸ್ಥೆಯದು. ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಟಿ-ಕಣಗಳೆಂಬ ಬಿಳಿ ರಕ್ತಕಣಗಳು ಪಕ್ವವಾಗುತ್ತವೆ. ಪಾಠದಲ್ಲಿ ನಾನು ಇದನ್ನು "ಟಿ-ಕಣಗಳ ತರಬೇತಿ ಕಾಲೇಜು" ಎಂದು ಕರೆದೆ. ಡೌನ್ ಸಿಂಡ್ರೋಮ್‌ನಲ್ಲಿ ಈ ಗ್ರಂಥಿ ಚಿಕ್ಕದಿರುತ್ತದೆ, ಟಿ-ಕಣಗಳೂ ಬಿ-ಕಣಗಳೂ ಕಡಿಮೆ ಇರುತ್ತವೆ, ಕೆಲವು ಲಸಿಕೆಗಳಿಗೆ ಪ್ರತಿಕಾಯಗಳು ಕಡಿಮೆ ಹುಟ್ಟಬಹುದು. ಎಲ್ಲ ಮಕ್ಕಳಲ್ಲಿ ಇದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಎರಡನೆಯದು ದೇಹರಚನೆಯದು. ಸ್ನಾಯುಗಳ ಬಿಗಿ ಕಡಿಮೆ, ಶ್ವಾಸನಾಳ ಕಿರಿದು, ನುಂಗುವಾಗ ಆಹಾರ ದಾರಿ ತಪ್ಪುವ ಸಂಭವ ಹೆಚ್ಚು. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಹೀಗಾಗಿ ನಮಗೆ ಮೂರು ದಿನದ ನೆಗಡಿಯಾಗಿ ಹೋಗುವುದು ಅವರಲ್ಲಿ ಎದೆಗಿಳಿಯಬಹುದು.

ಇಷ್ಟನ್ನು ಓದಿದ ಮೇಲೆ ನನಗೆ ಬಹಳ ಮುಖ್ಯವೆನಿಸಿದ್ದು ಕಿವಿಯ ವಿಷಯ. ಈ ಮಕ್ಕಳಲ್ಲಿ ಗಂಟಲಿನಿಂದ ಮಧ್ಯಕಿವಿಗೆ ಹೋಗುವ ನಳಿಕೆ ಕಿರಿದು. ಪದೇ ಪದೇ ನೆಗಡಿಯಾದಾಗ ತಮಟೆಯ ಹಿಂದೆ ದ್ರವ ನಿಲ್ಲುತ್ತದೆ. ನೋವೂ ಇರಲಿಕ್ಕಿಲ್ಲ, ಕಿವಿಯೂ ಸೋರಲಿಕ್ಕಿಲ್ಲ, ಆದರೆ ಶಬ್ದ ಮಂಕಾಗುತ್ತದೆ. ಸರಿಯಾಗಿ ಕೇಳದ ಮಗು ಮಾತನ್ನು ಹೇಗೆ ಕಲಿತೀತು? ಅಂದರೆ ಸೋಂಕು ಬೇರೆ, ಬೆಳವಣಿಗೆಯ ವಿಳಂಬ ಬೇರೆ ಎಂದು ನಾವು ಎರಡು ಪಟ್ಟಿಯಲ್ಲಿ ಬರೆಯುವುದು ತಪ್ಪು. ಒಂದು ಇನ್ನೊಂದನ್ನು ಹೆಚ್ಚಿಸುತ್ತದೆ. ಥೈರಾಯ್ಡ್ ಕೊರತೆಯೂ ಈ ಮಕ್ಕಳಲ್ಲಿ ಹೆಚ್ಚು. ಅದೂ ಕಲಿಕೆಯನ್ನು ನಿಧಾನಗೊಳಿಸುವುದರಿಂದ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಬೇಕು.

ಮರುಪಾಠ

ಮರುವಾರ ಅದೇ ಘಟಕಕ್ಕೆ ಇನ್ನೊಂದು ಅವಧಿ ಕೇಳಿ ಪಡೆದೆ. ಉದ್ದೇಶಗಳು ಮೂರು. ಒಂದೇ ಲಸಿಕೆಗೆ ಎಲ್ಲರ ದೇಹ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ ಎಂಬುದಕ್ಕೆ ವಿದ್ಯಾರ್ಥಿಗಳು ಕಾರಣ ಕೊಡುವರು. ರಕ್ಷಣೆ ಕಡಿಮೆ ಇರುವವರನ್ನು ಸುತ್ತಲಿನವರು ಕಾಯುವ ಬಗೆಯನ್ನು ವಿವರಿಸುವರು. ಒಂದು ನಿಮಿಷದ ಉಸಿರಾಟವನ್ನು ಸರಿಯಾಗಿ ಎಣಿಸುವರು. ವಿದ್ಯಾರ್ಥಿನಿಯ ತಮ್ಮನ ಹೆಸರೆತ್ತಲಿಲ್ಲ. "ಕಳೆದ ವಾರ ನಾನು ಹೇಳಿದ ಒಂದು ಮಾತು ಪೂರ್ತಿ ಸರಿ ಇರಲಿಲ್ಲ" ಎಂದು ಶುರುಮಾಡಿದೆ.

ಚಟುವಟಿಕೆ 1: ಇಪ್ಪತ್ತೈದು ವಿದ್ಯಾರ್ಥಿಗಳನ್ನು ಅಂಗಳದಲ್ಲಿ ಐದು ಸಾಲಾಗಿ ನಿಲ್ಲಿಸಿದೆ. ನಡುವೆ ನಿಂತವನು ಲಸಿಕೆ ಹಾಕಿಸಿಕೊಂಡರೂ ರಕ್ಷಣೆ ಸಿಗದವನು. ಮೊದಲ ಸುತ್ತಿನಲ್ಲಿ ಆರು ಜನರಿಗೆ ಮಾತ್ರ "ಲಸಿಕೆ" ಎಂಬ ಚೀಟಿ. ಅಂಚಿನಿಂದ ಕೊಟ್ಟ ಕೆಂಪು ಕಾಗದ, ಅಂದರೆ ರೋಗ, ಚೀಟಿ ಇಲ್ಲದವರ ಕೈಯಿಂದ ಕೈಗೆ ದಾಟಿ ನಡುವಿನವನನ್ನು ಬೇಗನೆ ಮುಟ್ಟಿತು. ಎರಡನೆಯ ಸುತ್ತಿನಲ್ಲಿ ಇಪ್ಪತ್ತೆರಡು ಜನರಿಗೆ ಚೀಟಿ ಕೊಟ್ಟಾಗ ಕಾಗದ ಅಂಚಿನಲ್ಲೇ ನಿಂತಿತು. ದಡಾರದಂತಹ ರೋಗದಲ್ಲಿ ನಮ್ಮ ಲಸಿಕೆ ಬೇರೆಯವರನ್ನೂ ಕಾಯುತ್ತದೆ ಎಂಬುದನ್ನು ನಾನು ವಿವರಿಸುವ ಮೊದಲೇ ಅವರು ಹೇಳಿದರು.

ಚಟುವಟಿಕೆ 2: ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿ, ದಿನವೂ ತೊಳೆಯುವಂತೆಯೇ ಸಾಬೂನಿನಿಂದ ಕೈ ತೊಳೆಯಲು ಹೇಳಿದೆ. ಬೆರಳ ತುದಿ, ಹೆಬ್ಬೆರಳ ಸುತ್ತ, ಬೆರಳ ಸಂದಿಗಳಲ್ಲಿ ಹಳದಿ ಉಳಿಯಿತು. 20 ಸೆಕೆಂಡು ಉಜ್ಜಿ ತೊಳೆದಾಗ ಬಹಳಷ್ಟು ಹೋಯಿತು.

ಚಟುವಟಿಕೆ 3: ಜೋಡಿಯಾಗಿ ಕುಳಿತು ಒಬ್ಬರ ಉಸಿರನ್ನು ಇನ್ನೊಬ್ಬರು ಪೂರ್ತಿ ಒಂದು ನಿಮಿಷ ಎಣಿಸಿದರು. ಬಳಿಕ ಕಪ್ಪುಹಲಗೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಬರೆದೆ. ಕೆಮ್ಮು ಇರುವ ಮಗು ಶಾಂತವಾಗಿದ್ದಾಗ, 2ರಿಂದ 11 ತಿಂಗಳ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರಾಟವಿದ್ದರೆ ಅದು ವೇಗದ ಉಸಿರಾಟ. ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಉಸಿರೆಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ನೀರು ಕುಡಿಯಲಾಗದಿರುವುದು, ಮಂಪರು, ಸೆಳವು ಕಂಡರೆ ಎಣಿಸುತ್ತಾ ಕೂರಬಾರದು. ಆ ವಿದ್ಯಾರ್ಥಿನಿ ಈ ಅಂಕಿಗಳನ್ನು ಪುಸ್ತಕದಲ್ಲಲ್ಲ, ಅಂಗೈ ಮೇಲೆ ಬರೆದುಕೊಂಡಳು.

ಮನೆ ಮತ್ತು ಅಂಗನವಾಡಿ

ಪಾಠದ ಬಳಿಕ ತಾಯಿ, ಅಂಗನವಾಡಿ ಕಾರ್ಯಕರ್ತೆ, ನಾನು ಕೂಡಿ ಕುಳಿತೆವು. ಕಾರ್ಯಕರ್ತೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಗೊತ್ತಿತ್ತು. 2013ರಲ್ಲಿ ಶುರುವಾದ ಈ ಯೋಜನೆಯಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮದೋಷ, ಕೊರತೆ, ರೋಗ, ಬೆಳವಣಿಗೆಯ ವಿಳಂಬ ಗುರುತಿಸುವುದು ಅವರ ಕೆಲಸ. ಡೌನ್ ಸಿಂಡ್ರೋಮ್ ಆ ಪಟ್ಟಿಯಲ್ಲೇ ಇದೆ. ಆದರೆ ಈ ಮಗು ಮನೆಯಲ್ಲೇ ಇದ್ದುದರಿಂದ ತಂಡ ಬಂದಾಗಲೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ಕಾರ್ಯಕರ್ತೆ ಮೊದಲೇ ಹೇಳಿ ಕರೆಸಿದರು. ತಂಡದವರು ಕಿವಿ ಪರೀಕ್ಷೆಗೆ ಕಳಿಸಿದರು. ಎರಡೂ ತಮಟೆಗಳ ಹಿಂದೆ ದ್ರವ ಇತ್ತು. ಚಿಕಿತ್ಸೆ ಈಗ ನಡೆದಿದೆ.

ಅಂಗನವಾಡಿಯ ವಿಷಯದಲ್ಲಿ "ಕಳಿಸಬೇಕೋ ಬೇಡವೋ" ಎಂಬ ಪ್ರಶ್ನೆಯನ್ನು "ಹೇಗೆ, ಎಷ್ಟು ಹೊತ್ತು, ಯಾರ ಜೊತೆ" ಎಂದು ಬದಲಿಸಿಕೊಂಡೆವು. ದಿನಕ್ಕೆ ಒಂದು ಗಂಟೆ, ಕೋಣೆಯೊಳಗಲ್ಲ, ಹೊರಗೆ ಬೇವಿನ ಮರದ ಕೆಳಗೆ, ಅದೇ ಮೂರು ಮಕ್ಕಳ ಜೊತೆ. ಆ ಮಕ್ಕಳಲ್ಲಿ ಯಾರಿಗಾದರೂ ಕೆಮ್ಮು ಜ್ವರ ಇದ್ದರೆ ಕಾರ್ಯಕರ್ತೆ ಬೆಳಿಗ್ಗೆಯೇ ಫೋನ್ ಮಾಡುವುದು. ಬಂದ ಕೂಡಲೇ ಎಲ್ಲರೂ ಕೈ ತೊಳೆಯುವುದು. ಮನೆಯಲ್ಲಿ ಒಲೆ ಉರಿಯುವಾಗ, ಹೊಲದಲ್ಲಿ ರವದಿ ಸುಡುವಾಗ ಮಗುವನ್ನು ಹೊಗೆಯಿಂದ ದೂರ ಇಡುವುದು.

ಮಾತಿಗೆ ನಾವು ಬಳಸಿದ್ದು ಕೈಸನ್ನೆ ಮತ್ತು ಚಿತ್ರ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಸಾಮಾನ್ಯವಾಗಿ ಕೇಳಿದ್ದಕ್ಕಿಂತ ಕಂಡದ್ದನ್ನು ಚೆನ್ನಾಗಿ ನೆನಪಿಡುತ್ತಾರೆ. "ನೀರು", "ಸಾಕು", "ಬೇಕು", "ಅವ್ವ" ಎಂಬ ನಾಲ್ಕು ಸನ್ನೆಗಳನ್ನು ಪ್ರತಿ ಸಲ ಶಬ್ದದ ಜೊತೆಗೇ ಮಾಡಿ ತೋರಿಸಬೇಕೆಂದು ಅಕ್ಕನಿಗೆ ಹೇಳಿಕೊಟ್ಟೆ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂದು ಅಜ್ಜಿ ಅಂಜಿದ್ದರು. ಸನ್ನೆ ಮಾತಿಗೆ ಮೆಟ್ಟಿಲೇ ಹೊರತು ಅಡ್ಡಿಯಲ್ಲ.

ಕಂಡ ಫಲ

ಏಳನೆಯ ವಾರ ಮತ್ತೆ ಜ್ವರ ಬಂತು. ನಾವು ಇಷ್ಟೆಲ್ಲ ಮಾಡಿದರೂ ಬಂತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಸಂಜೆ ಅಕ್ಕ ತಮ್ಮನ ಉಸಿರು ಎಣಿಸಿದಳು: 46. ಮತ್ತೆ ಎಣಿಸಿದಳು: 45. ತಾಯಿ ರಾತ್ರಿ ಕಳೆಯಲು ಬಿಡದೆ ಆಸ್ಪತ್ರೆಗೆ ಒಯ್ದರು. ಹಿಂದೆ ಎರಡು ಸಲವೂ ಮೂರು ದಿನ ಕಾದು ಹೋಗಿದ್ದರು. ಈ ಸಲ ಸೇರಿಸಿಕೊಳ್ಳುವ ಪ್ರಮೇಯ ಬರಲಿಲ್ಲ. ಔಷಧ ಪಡೆದು ಮನೆಗೆ ಬಂದು, ವಾರ ಬಿಟ್ಟು ಮತ್ತೆ ಬೇವಿನ ಮರದ ಕೆಳಗೆ ಕುಳಿತ. "ನೀರು" ಸನ್ನೆಯನ್ನು ತಾನಾಗಿಯೇ ಮಾಡುತ್ತಿದ್ದಾನೆ. ಅಕ್ಕ ಕೊನೆಯ ನಾಲ್ಕು ವಾರಗಳಲ್ಲಿ ತಪ್ಪಿಸಿದ್ದು ಎರಡು ದಿನ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಗೈರುಹಾಜರಿಗೆ ಕಾರಣ ಕೇಳುವಾಗ ಮನೆಯಲ್ಲಿ ಆರೈಕೆ ಬೇಕಾದ ಚಿಕ್ಕ ಮಗು ಇದೆಯೇ ಎಂದೂ ಕೇಳಿ.

2. ಇಂಥ ಮಗುವಿಗೆ ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಆಗಿದೆಯೇ ನೋಡಿ. "ಬುದ್ಧಿ ನಿಧಾನ" ಎಂದು ಮುಗಿಸಬೇಡಿ.

3. ಲಸಿಕೆಗಳನ್ನು ವೇಳೆಗೆ ಹಾಕಿಸಲು ಹೇಳಿ. ರಕ್ಷಣಾ ಶಕ್ತಿ ತೀರಾ ಕಡಿಮೆ ಎಂದು ವೈದ್ಯರು ಗುರುತಿಸಿದ ಮಕ್ಕಳಿಗೆ ಬಿ.ಸಿ.ಜಿ., ಬಾಯಿಯ ಪೋಲಿಯೋ ಹನಿಯಂತಹ ಜೀವಂತ ಲಸಿಕೆ ಕೊಡಬೇಕೋ ಬೇಡವೋ ಎಂಬುದು ವೈದ್ಯರ ತೀರ್ಮಾನ. ನಾವು ಸಲಹೆ ಕೊಡಬಾರದು.

4. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಮೇಲಿನ ಕೀಲು ಸಡಿಲ ಇರುತ್ತದೆ. ವೈದ್ಯರನ್ನು ಕೇಳದೆ ಲಾಗ ಹಾಕಿಸಬೇಡಿ.

5. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಬೌದ್ಧಿಕ ಅಂಗವೈಕಲ್ಯವೂ ಸೇರಿದೆ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಲು, ರಾಷ್ಟ್ರೀಯ ನ್ಯಾಸದ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಲು ಪಾಲಕರಿಗೆ ನೆರವಾಗಿ.

ಮುಕ್ತಾಯ

ಪಾಲಕರು ಮಗುವನ್ನು ಮನೆಯಲ್ಲೇ ಇಟ್ಟುಕೊಂಡರೆ ನಾವು "ತಿಳಿವಳಿಕೆ ಇಲ್ಲ" ಎಂದು ಬರೆದುಬಿಡುತ್ತೇವೆ. ಈ ತಾಯಿಗೆ ತಿಳಿವಳಿಕೆ ಇತ್ತು. ತನ್ನ ಮಗುವಿಗೆ ಏನಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಇಲ್ಲದ್ದು ಹೊರಗಿನವರ ಸಹಕಾರ. ಕೈ ತೊಳೆಯುವ ಮೂರು ಮಕ್ಕಳು, ಬೆಳಿಗ್ಗೆ ಫೋನ್ ಮಾಡುವ ಒಬ್ಬ ಕಾರ್ಯಕರ್ತೆ, ಉಸಿರು ಎಣಿಸಲು ಬರುವ ಒಬ್ಬ ಅಕ್ಕ ಸಿಕ್ಕ ಮೇಲೆ ಜ್ವರ ಮತ್ತು ಮಾತುಗಳ ನಡುವೆ ಒಂದನ್ನೇ ಆರಿಸಿಕೊಳ್ಳುವ ಒತ್ತಾಯ ಅವರಿಗೆ ಉಳಿಯಲಿಲ್ಲ. ನನ್ನ ಪಾಠಯೋಜನೆಯ ಪುಸ್ತಕದಲ್ಲಿ "ಲಸಿಕೆ ಹಾಕಿಸಿಕೊಂಡವರು ರೋಗಕ್ಕೆ ಹೆದರಬೇಕಾಗಿಲ್ಲ" ಎಂಬ ಸಾಲನ್ನು ಹೊಡೆದುಹಾಕಿ ಹೀಗೆ ಬರೆದಿದ್ದೇನೆ: "ನಾವು ಲಸಿಕೆ ಹಾಕಿಸಿಕೊಳ್ಳುವುದು ನಮಗಾಗಿ, ಮತ್ತು ಲಸಿಕೆ ಪೂರ್ತಿ ಕಾಯದ ಇನ್ನೊಬ್ಬರಿಗಾಗಿ."