ಹಳೆ ಕಂಪ್ಯೂಟರಿಗೆ ಒಂದೇ ಕೆಲಸ ಕೊಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹಳೆಯ ಕಂಪ್ಯೂಟರಿಗೆ ಬರವಿಲ್ಲ. ಸೊಸೈಟಿಗೆ ಹೊಸದು ಬಂದಾಗ ಹಳೆಯದು ಮೂಲೆ ಸೇರುತ್ತದೆ. ಡಿಟಿಪಿ ಅಂಗಡಿ ಮುಚ್ಚಿದರೆ ಸಿಪಿಯು ಅಟ್ಟ ಹತ್ತುತ್ತದೆ. ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದವನು ತನಗೆ ಬೇಡವಾದ ಲ್ಯಾಪ್‌ಟಾಪನ್ನು ಅಪ್ಪನ ಮೇಜಿನ ಮೇಲಿಟ್ಟು ಹೋಗುತ್ತಾನೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತು. ಪ್ರತಿ ಸಲವೂ ಒಂದಷ್ಟು ಕಂಪ್ಯೂಟರುಗಳು ಮೂಲೆಗೆ ಬಿದ್ದವು. ಅವುಗಳ ಮೇಲೆ ಹಗುರವಾದ ಲಿನಕ್ಸ್ ಹಾಕಿ ಮತ್ತೆ ಎಬ್ಬಿಸುವುದು ಬಹಳ ವರ್ಷಗಳಿಂದ ನನ್ನ ಹವ್ಯಾಸ. ಈ ಮಲೆನಾಡಿನ ಹವೆಯಲ್ಲಿ, ಇಲ್ಲಿನ ಕರೆಂಟಿನಲ್ಲಿ ಆ ಕೆಲಸ ಮಾಡುತ್ತ ಕಲಿತದ್ದನ್ನು ಹೊಸಬರಿಗಾಗಿ ಬರೆದಿದ್ದೇನೆ.

1. ಒಣಗಿಸದೆ ಸ್ವಿಚ್ ಹಾಕಬೇಡಿ

ನಮ್ಮ ಕಡೆ ಕಂಪ್ಯೂಟರನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿದ ಬಟ್ಟೆಯೇ ಒಣಗದಿರುವಾಗ ಮದರ್‌ಬೋರ್ಡ್ ಒಣಗಿದೆಯೆಂದು ನಂಬುವಂತಿಲ್ಲ. ಮುಚ್ಚಳ ಬಿಚ್ಚಿ ಎರಡು ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿಡಿ. ಒಳಗೆ ಏನು ಸಿಗುತ್ತದೆ ಎನ್ನುವುದು ಅದು ಇಷ್ಟು ವರ್ಷ ಎಲ್ಲಿತ್ತು ಎನ್ನುವುದರ ಮೇಲೆ ಹೋಗುತ್ತದೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿದ್ದದ್ದು ಒಣಗಿರುತ್ತದೆ, ಆದರೆ ಫ್ಯಾನಿನ ರೆಕ್ಕೆಗಳಿಗೆ ಎಣ್ಣೆಜಿಡ್ಡಿನ ಇಲ್ಲಣ ಹತ್ತಿರುತ್ತದೆ. ನೆಲಮಟ್ಟದ ಕೋಣೆಯಲ್ಲಿದ್ದರೆ ಸ್ಕ್ರೂ ತುಕ್ಕು, ಕನೆಕ್ಟರಿನಲ್ಲಿ ಹಸಿರು ಕಿಲುಬು. ಯುಎಸ್‌ಬಿ ಪೋರ್ಟಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ಇಲ್ಲಿ ಅಪರೂಪವೇನಲ್ಲ. ಅದಕ್ಕೆ ನೀರು ಮುಟ್ಟಿಸದೆ ಹಲ್ಲುಕಡ್ಡಿಯಿಂದ ನಿಧಾನವಾಗಿ ಕೆರೆದು, ಬ್ರಷ್ಷಿನಿಂದ ಒರೆಸಿ ತೆಗೆಯಬೇಕು.

ಆಮೇಲೆ ರ್‍ಯಾಮ್ ಹೊರತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ. ಬೀಪ್ ಹೊಡೆಯುತ್ತ ಪರದೆ ಕಪ್ಪಾಗಿಯೇ ಉಳಿಯುವ ಕಂಪ್ಯೂಟರುಗಳಲ್ಲಿ ಅನೇಕವು ಇಷ್ಟಕ್ಕೇ ಏಳುತ್ತವೆ. ಪ್ರೊಸೆಸರಿನ ಸುತ್ತ ನಿಂತಿರುವ ಕೆಪ್ಯಾಸಿಟರುಗಳ ನೆತ್ತಿ ಉಬ್ಬಿದೆಯೇ ನೋಡಿ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕೆಪ್ಯಾಸಿಟರುಗಳು ಜಗತ್ತಿನಾದ್ಯಂತ ಮದರ್‌ಬೋರ್ಡುಗಳನ್ನು ಸೇರಿದ್ದವು. ಆ ಕಾಲದ ಬೋರ್ಡುಗಳಲ್ಲಿ ಈ ರೋಗ ಸಾಮಾನ್ಯ. ಕೈಪಳಗಿದ ಟಿವಿ ರಿಪೇರಿಯವರು ಅವನ್ನು ಬದಲಿಸಿಕೊಡಬಲ್ಲರು.

ಎದ್ದ ಕಂಪ್ಯೂಟರನ್ನು ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಚಾಲು ಇಡಿ. ತನ್ನ ಬಿಸಿಯಲ್ಲಿ ಅದು ತಾನೇ ಒಣಗಿಕೊಂಡಿರುತ್ತದೆ.

2. ಡಿಸ್ಕಿನಲ್ಲಿ ಏನಿದೆ ಎಂದು ನೋಡುವವರೆಗೆ ಏನನ್ನೂ ಹಾಕಬೇಡಿ

ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರಿಗೆ ಲಿನಕ್ಸ್ ಹಾಕುವ ಅವಸರ ಇರುತ್ತದೆ. ನನ್ನ ದೃಷ್ಟಿಯಲ್ಲಿ ಆ ಪೆಟ್ಟಿಗೆಯಲ್ಲಿರುವ ಬೆಲೆಬಾಳುವ ವಸ್ತು ಹಳೆಯ ಹಾರ್ಡ್‌ಡಿಸ್ಕ್. ಮನೆಯ ಮದುವೆ ಫೋಟೊ, ಊರ ದೇವಸ್ಥಾನದ ಲೆಕ್ಕ, ಯಾರೋ ಕೂತು ಟೈಪ್ ಮಾಡಿದ ಯಕ್ಷಗಾನ ಪ್ರಸಂಗ, ಅಚ್ಚಾಗದೆ ಉಳಿದ ಪುಸ್ತಕ ಎಲ್ಲವೂ ಅಲ್ಲಿರುತ್ತವೆ. ಡಿಸ್ಕನ್ನು ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಬೇರೆ ಕಂಪ್ಯೂಟರಿಗೆ ಹಚ್ಚಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆಯಿರಿ. ಅದು ಮೊದಲು ಸುಲಭವಾಗಿ ಓದಲು ಬರುವ ಭಾಗವನ್ನು ನಕಲಿಸಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮರಳಿ ಬರುತ್ತದೆ. ಸಾಯುತ್ತಿರುವ ಡಿಸ್ಕಿಗೆ ಆ ಕ್ರಮವೇ ಬೇಕು. ಕಡತ ಹುಡುಕುವುದೆಲ್ಲ ನಕಲಿನ ಮೇಲೆ ನಡೆಯಲಿ, ಮೂಲ ಡಿಸ್ಕಿನ ಮೇಲೆ ಬೇಡ.

3. ಯಾವ ಲಿನಕ್ಸ್ ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಡಿ

ಕೋರ್ 2 ಡ್ಯುಯೊ ಕಾಲದ, 64 ಬಿಟ್‌ನ, 2 ಜಿಬಿ ರ್‍ಯಾಮ್ ಇರುವ ಕಂಪ್ಯೂಟರಾದರೆ ಡೆಬಿಯನ್ ಹಾಕಿ, ಮೇಲೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯುಟಿ ಡೆಸ್ಕ್‌ಟಾಪ್ ಇರಲಿ. ಪೆಂಟಿಯಂ 4, ಆಟಂ ನೆಟ್‌ಬುಕ್, 512 ಎಂಬಿಯಿಂದ 1 ಜಿಬಿವರೆಗಿನ ರ್‍ಯಾಮ್ ಎಂದರೆ ಆಂಟಿಎಕ್ಸ್. ಅದಕ್ಕೂ ಕೆಳಗಿನವಕ್ಕೆ, ಹಾರ್ಡ್‌ಡಿಸ್ಕೇ ಸತ್ತವಕ್ಕೆ ಪಪ್ಪಿ. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಶುರುಮಾಡಿದ ಪಪ್ಪಿ ಪೂರ್ತಿಯಾಗಿ ರ್‍ಯಾಮ್‌ಗೆ ಏರಿ ಕೂರುತ್ತದೆ, ಪೆನ್‌ಡ್ರೈವ್ ಒಂದಿದ್ದರೆ ಸಾಕು. ಪೆನ್‌ಡ್ರೈವಿನಿಂದ ಏಳಲು ಬಾರದಷ್ಟು ಹಳೆಯದಾದರೆ 700 ಎಂಬಿಯ ಸಿಡಿಯೊಳಗೆ ಹಿಡಿಯುವ ಆವೃತ್ತಿ ಹುಡುಕಿ. ಪೆಂಟಿಯಂ ಎಂ ಇರುವ ಕೆಲವು ಹಳೆಯ ಲ್ಯಾಪ್‌ಟಾಪುಗಳು ಪಿಎಇ ಎಂಬ ಪ್ರೊಸೆಸರ್ ಸೌಲಭ್ಯ ಇಲ್ಲವೆಂದು ಹಟ ಹಿಡಿಯುತ್ತವೆ; ಬೂಟ್ ಸಾಲಿಗೆ ‘ಫೋರ್ಸ್‌ಪಿಎಇ’ ಸೇರಿಸಿದರೆ ಒಪ್ಪಿಕೊಳ್ಳುವುದುಂಟು.

32 ಬಿಟ್‌ನ ದಾರಿ ಕಿರಿದಾಗುತ್ತಿದೆ ಎನ್ನುವುದು ಗೊತ್ತಿರಲಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಆ ಬಗೆಯ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. 32 ಬಿಟ್ ಲಿನಕ್ಸಿಗೆ ಕ್ರೋಮ್ 2016ರಲ್ಲೇ ನಿಂತಿದೆ. ಬೇಕಾದ ಐಎಸ್‌ಒ ಕಡತಗಳನ್ನು ಈಗಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

4. ಮೊದಲು ತಾರೀಖು ಸರಿಮಾಡಿ

ಮದರ್‌ಬೋರ್ಡಿನ ಮೇಲೆ ಒಂದು ನಾಣ್ಯದ ಗಾತ್ರದ ಸಿಆರ್2032 ಸೆಲ್ ಇರುತ್ತದೆ. ಅದು ಮುಗಿದಿದ್ದರೆ ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಆಗ ಜಾಲತಾಣಗಳ ಪ್ರಮಾಣಪತ್ರ ಅಸಿಂಧು ಎನ್ನುತ್ತದೆ, ತಂತ್ರಾಂಶದ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎನ್ನುತ್ತದೆ. ಇಂಟರ್ನೆಟ್ಟೇ ಕೆಟ್ಟಿದೆಯೆಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಆ 3 ವೋಲ್ಟಿನ ಸೆಲ್ ಬದಲಿಸಿ, ಮುಂದಿನ ಕೆಲಸಕ್ಕೆ ಹೋಗಿ.

5. ಬ್ರೌಸರಿನ ಆಸೆ ಬಿಡಿ, ಒಂದು ಕೆಲಸ ಹಿಡಿಸಿ

ಹಳೆಯ ಕಂಪ್ಯೂಟರ್ ನಿಧಾನವಾಗುವುದು ಲಿನಕ್ಸಿನಿಂದಲ್ಲ, ಇಂದಿನ ಜಾಲತಾಣಗಳಿಂದ. ಆಂಟಿಎಕ್ಸ್ ಎದ್ದು ಕೂತಾಗ ಸಲೀಸಾಗಿರುವ 512 ಎಂಬಿಯ ಪೆಟ್ಟಿಗೆ, ಫೈರ್‌ಫಾಕ್ಸಿನಲ್ಲಿ ಎರಡು ಟ್ಯಾಬ್ ತೆರೆದೊಡನೆ ಏದುಸಿರು ಬಿಡುತ್ತದೆ. ಪೆಂಟಿಯಂ 3ರಲ್ಲಂತೂ ಈಗಿನ ಫೈರ್‌ಫಾಕ್ಸ್ ಏಳುವುದೇ ಇಲ್ಲ, ಅದಕ್ಕೆ ಬೇಕಾದ ಎಸ್‌ಎಸ್‌ಇ2 ಎಂಬ ಸೌಲಭ್ಯ ಆ ಪ್ರೊಸೆಸರಿನಲ್ಲಿಲ್ಲ. ಅಪ್‌ಡೇಟ್ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕಿನ ಕೆಲಸ ಖಂಡಿತ ಬೇಡ. ಎಲ್ಲವನ್ನೂ ಮಾಡಿಸುತ್ತೇನೆಂದು ಹೊರಟರೆ ಒಂದು ವಾರದಲ್ಲಿ ಬೇಸರ ಬಂದು ಅದು ಮತ್ತೆ ಮೂಲೆ ಸೇರುತ್ತದೆ. ಒಂದೇ ಕೆಲಸ ಗೊತ್ತುಮಾಡಿದರೆ ವರ್ಷಗಟ್ಟಲೆ ದುಡಿಯುತ್ತದೆ.

ನಮ್ಮ ಸೀಮೆಗೆ ಹೇಳಿಮಾಡಿಸಿದ ಒಂದು ಕೆಲಸವಿದೆ: ಕ್ಯಾಸೆಟ್ ಉಳಿಸುವುದು. ಇಲ್ಲಿನ ಮನೆಮನೆಯಲ್ಲೂ ರಾತ್ರಿಯಾಟದ, ತಾಳಮದ್ದಳೆಯ ಕ್ಯಾಸೆಟ್ಟುಗಳಿವೆ. ಅಂಗಡಿಯಲ್ಲಿ ಸಿಗುತ್ತಿದ್ದ ಭಾಗವತ ಕಾಳಿಂಗ ನಾವಡರ ಪದಗಳು ಹೇಗೂ ಎಲ್ಲಾದರೂ ಉಳಿದಿರುತ್ತವೆ. ಟೇಪ್‌ರೆಕಾರ್ಡರ್ ಮುಂದಿಟ್ಟುಕೊಂಡು ಊರವರೇ ಹಿಡಿದಿಟ್ಟದ್ದು ಜಗತ್ತಿನಲ್ಲಿ ಅದೊಂದೇ ಪ್ರತಿ. ಹಳೆಯ ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ನೀಲಿ ಬಣ್ಣದ ಲೈನ್-ಇನ್ ತೂತು ಇದೆ. ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಅದಿಲ್ಲ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಅಲ್ಲಿಗೊಂದು ವಯರ್ ಎಳೆದರೆ ಸಾಕು. ಗುಲಾಬಿ ಬಣ್ಣದ್ದು ಮೈಕಿನದು, ಅದಕ್ಕೆ ಹಾಕಿದರೆ ದನಿ ಒಡೆಯುತ್ತದೆ.

ಸಿಡಿ ಗುಣಮಟ್ಟದಲ್ಲಿ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ ಆಯಿತು. ಪೆಂಟಿಯಂ 4ಕ್ಕೆ ಇದು ಲೆಕ್ಕಕ್ಕೇ ಇಲ್ಲ. ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ಒಣಗಿಸಿ, ಒರೆಸಿದ ಮೇಲಷ್ಟೇ ಹಾಕಿ. ಟೇಪಿನ ಹಿಂದಿರುವ ಸಣ್ಣ ಮೆತ್ತೆ ಬಿದ್ದುಹೋಗಿದ್ದರೆ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿ ಬದಲಿಸಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ, ಆಮೇಲೆ ರೆಕಾರ್ಡಿಗೆ ಕೂರಿ. ಪ್ರತಿ ಕ್ಯಾಸೆಟ್ ಆದಮೇಲೆ ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಬೇಕು. ಮೂಲವನ್ನು ಫ್ಲ್ಯಾಕ್‌ನಲ್ಲಿಡಿ, ಮೊಬೈಲಿಗೆ ಹಂಚಲು ಎಂಪಿ3 ಮಾಡಿ.

ಸಿದ್ದಾಪುರ ಕಡೆಯ ಹಿರಿಯರೊಬ್ಬರು ಕ್ಯಾಸೆಟ್ಟಿನ ಚೀಲ ಕೊಡುತ್ತ ಅದರಲ್ಲೊಂದನ್ನು ಬೇರೆಯಾಗಿ ಎತ್ತಿಕೊಟ್ಟು, “ಇದ್ರಲ್ಲಿ ಅಪ್ಪಯ್ಯನ ದನಿ ಇದ್ದು ತಮಾ, ಅದೊಂದು ಉಳಿಸ್ಕೊಡು” ಎಂದರು. ಊರ ತಾಳಮದ್ದಳೆಯಲ್ಲಿ ಅವರ ತಂದೆ ಅರ್ಥ ಹೇಳಿದ್ದರು. ಒಂದು ಬದಿ ಪೂರ್ತಿ ಬಂತು, ಇನ್ನೊಂದು ಬದಿಯಲ್ಲಿ ಅರ್ಧದಷ್ಟು.

6. ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸಿ

ಹಗುರ ತಂತ್ರಾಂಶಗಳ ಪಟ್ಟಿಗಳನ್ನು ಮಾಡಿದವರು ಕನ್ನಡಿಗರಲ್ಲ. ಡಿಲೊದಂಥ ಪುಟ್ಟ ಬ್ರೌಸರಿನಲ್ಲಿ, ಎಕ್ಸ್‌ಟರ್ಮ್ ಕಿಟಕಿಯಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ, ಬಿಡಿಬಿಡಿಯಾಗಿ ನಿಲ್ಲುತ್ತದೆ. ಬರವಣಿಗೆಗೆ ಜೀನಿ, ಅಬಿವರ್ಡ್ ಹಗುರವೂ ಹೌದು, ಅಕ್ಷರವನ್ನು ಸರಿಯಾಗಿ ಜೋಡಿಸುತ್ತವೆ ಕೂಡ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಕೀಲಿಮಣೆಗೆ ಇನ್‌ಸ್ಕ್ರಿಪ್ಟ್, ಕಗಪ ಎರಡೂ ಲಿನಕ್ಸಿನ ಮೂಲ ಪಟ್ಟಿಯಲ್ಲಿವೆ. ಬೇರೆ ಏನನ್ನೂ ಹಾಕದೆಯೇ ಕನ್ನಡ ಬರೆಯಬಹುದು ಎನ್ನುವುದು ಕಡಿಮೆ ರ್‍ಯಾಮಿನ ಕಂಪ್ಯೂಟರಿಗೆ ದೊಡ್ಡ ಅನುಕೂಲ.

ಇನ್ನು ಹಳೆಯ ಡಿಸ್ಕಿನಿಂದ ತೆಗೆದ ಕಡತಗಳು. ನುಡಿ, ಬರಹದ ಕಾಲದ ಬರವಣಿಗೆ ತೆರೆದರೆ ‘ಕನ್ನಡ’ ಎಂಬ ಪದವಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಎಲ್ಲ ಸಾಲಾಗಿ ನಿಂತಿರುತ್ತವೆ. ಕಡತ ಕೆಟ್ಟಿಲ್ಲ. ಅಂದಿನ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟುಕೊಂಡಿತ್ತು, ಅಷ್ಟೆ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ ಅರ್ಕಾವತ್ತು, ಅಂಕಿಗಳನ್ನು ತಿದ್ದಬೇಕಾಗುತ್ತದೆ. ಡಿಟಿಪಿ ಅಂಗಡಿಯ ಪೇಜ್‌ಮೇಕರ್ ಕಡತಗಳಿಗೂ ದಾರಿಯಿದೆ: 2015ರ ಆರಂಭದಲ್ಲಿ ಬಂದ 4.4ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಅವನ್ನು ತೆರೆಯುತ್ತದೆ. ಪುಟದ ಅಂದ ಹೋದೀತು, ಪಠ್ಯ ಸಿಗುತ್ತದೆ. ಈ ಎಲ್ಲದರಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಕೆಲಸ ಇದು. ಒಂದು ಪ್ರಸಂಗ, ಒಂದು ಊರಿನ ಚರಿತ್ರೆ ಮತ್ತೆ ಓದಲು ಬಂತೆಂದರೆ, ಅದನ್ನು ಬರೆದವರ ಮನೆಯವರಿಗೆ ಆಗುವ ಸಂತೋಷವನ್ನು ಹತ್ತಿರದಿಂದ ನೋಡಿದ್ದೇನೆ.

7. ಸಿಡಿಲಿಗೆ ಸ್ವಿಚ್ ಆಫ್ ಸಾಲದು

ಏಪ್ರಿಲ್-ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ. ಫೋನಿನ ತಾಮ್ರದ ವಯರ್, ಲ್ಯಾನ್ ವಯರ್ ಎರಡನ್ನೂ ಬಿಚ್ಚಿ. ಸಿಡಿಲಿನ ಹೊಡೆತ ಅಲ್ಲಿಂದಲೂ ಬರುತ್ತದೆ.

8. ಪ್ರತಿಯೊಂದನ್ನೂ ಬದುಕಿಸಲು ಹೋಗಬೇಡಿ

ಪೆಂಟಿಯಂ 4ರ ಕೆಲವು ಮಾದರಿಗಳಲ್ಲಿ ಪ್ರೊಸೆಸರ್ ಒಂದೇ 80 ವಾಟ್ ಮೀರಿ ಎಳೆಯುತ್ತದೆ. ನೆಟ್‌ಬುಕ್ಕಿನ ಆಟಂ ಎನ್270ರದ್ದು 2.5 ವಾಟ್. ಇಡೀ ದಿನ ಚಾಲು ಇಡುವ ಕೆಲಸಕ್ಕೆ, ಇನ್ವರ್ಟರ್ ಮೇಲೆ ನಡೆಸುವುದಕ್ಕೆ ನೆಟ್‌ಬುಕ್ಕೇ ಸೈ. ಡೆಸ್ಕ್‌ಟಾಪನ್ನು ಕ್ಯಾಸೆಟ್ಟಿನಂಥ ಗಂಟೆ ಎರಡು ಗಂಟೆಯ ಕೆಲಸಕ್ಕೆ ಮಾತ್ರ ಎಬ್ಬಿಸಿ. ಮದರ್‌ಬೋರ್ಡ್ ಸುಟ್ಟದ್ದನ್ನು ಬಿಚ್ಚಿ ರ್‍ಯಾಮ್, ಫ್ಯಾನ್, ಕೇಬಲ್ ಎತ್ತಿಟ್ಟುಕೊಳ್ಳಿ. ಉಳಿದದ್ದನ್ನು, ಅದರಲ್ಲೂ ಗಾಜಿನಲ್ಲಿ ಸೀಸವಿರುವ ಹಳೆಯ ದಪ್ಪ ಮಾನಿಟರನ್ನು, ತೋಟದ ಹಳ್ಳಕ್ಕೆ ಎಸೆಯದೆ ಇ-ತ್ಯಾಜ್ಯ ಪಡೆಯುವ ಅಧಿಕೃತರಿಗೇ ಕೊಡಿ.

ಗುಜರಿಯವರು ಬಾಗಿಲಿಗೆ ಬಂದಾಗ ಸಿಪಿಯು ಕೊಟ್ಟರೂ ಹಾರ್ಡ್‌ಡಿಸ್ಕನ್ನು ಕೊಡಬೇಡಿ. ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ತೆಗೆದು, ಯಾರ ಮನೆಯದು, ಯಾವ ವರ್ಷದ್ದು ಎಂದು ಚೀಟಿ ಅಂಟಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಓದಿಸಿಕೊಡುವವರು ನಿಮ್ಮ ತಾಲೂಕಿನಲ್ಲೇ ಸಿಗುತ್ತಾರೆ.