ಚಿತ್ರ ಸಂಪಾದನಾ ತಂತ್ರಾಂಶ: ಉಚಿತವಾದುದೇ, ಹಣ ತೆತ್ತು ಪಡೆಯುವುದೇ?

ಚನ್ನಪಟ್ಟಣದ ಅರಗಿನ ಬೊಂಬೆ, ರಾಮನಗರದ ರೇಷ್ಮೆ ನೂಲು, ಕನಕಪುರದ ಗ್ರಾನೈಟ್ ಹಲಗೆ, ಮಾಗಡಿಯ ರಾಗಿ ಹಿಟ್ಟು ಇವುಗಳಲ್ಲಿ ಸರಕು ಯಾವುದೇ ಆಗಿರಲಿ, ಅದು ಗ್ರಾಹಕನ ಕೈ ಸೇರುವ ಮೊದಲು ಚಿತ್ರವಾಗಿ ಅವನ ಕಣ್ಣಿಗೆ ಬೀಳುತ್ತದೆ. ಪೊಟ್ಟಣದ ಮೇಲಿನ ಲೇಬಲ್, ದರಪಟ್ಟಿ, ಮೊಬೈಲಿನಲ್ಲಿ ಕಳುಹಿಸುವ ಛಾಯಾಚಿತ್ರ, ಅಂಗಡಿಯ ಮುಂದಿನ ಫ್ಲೆಕ್ಸ್ ಇವೆಲ್ಲವೂ ಗಣಕಯಂತ್ರದಲ್ಲಿ ಸಿದ್ಧಗೊಳ್ಳುತ್ತವೆ. ಇವುಗಳಿಗೆ ಯಾವ ತಂತ್ರಾಂಶವನ್ನು ಬಳಸಬೇಕೆಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಬೆಲೆಯೊಂದನ್ನೇ ನೋಡಲಾಗುತ್ತದೆ. ಆದರೆ ಬೆಲೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು: ಕೆಲಸ ಯಾವುದು? ಕಡತ ಯಾರ ಕೈಗೆ ಹೋಗಬೇಕು? ಐದು ವರ್ಷಗಳ ನಂತರ ಅದನ್ನು ತೆರೆದು ತಿದ್ದುವ ಶಕ್ತಿ ಯಾರ ಬಳಿ ಉಳಿಯುತ್ತದೆ?

1. ಕೆಲಸದ ಸ್ವರೂಪ

ಚಿತ್ರಗಳಲ್ಲಿ ಎರಡು ಬಗೆ. ಛಾಯಾಚಿತ್ರವು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಆಗಿರುತ್ತದೆ. ಅದನ್ನು ಹಿಗ್ಗಿಸಿದರೆ ಮಸುಕಾಗುತ್ತದೆ. ಸಂಸ್ಥೆಯ ಚಿಹ್ನೆ, ಲೇಬಲ್, ಅಕ್ಷರ ಮೊದಲಾದವು ರೇಖೆಗಳಿಂದ ರಚಿತವಾದರೆ ಎಷ್ಟು ದೊಡ್ಡದಾಗಿಸಿದರೂ ಅಂಚು ಕೆಡುವುದಿಲ್ಲ. ಕಾಗದದ ಮೇಲೆ ಚೆನ್ನಾಗಿ ಮುದ್ರಿಸಲು ಛಾಯಾಚಿತ್ರದಲ್ಲಿ ಅಂಗುಲಕ್ಕೆ 300 ಚುಕ್ಕೆಗಳಿರಬೇಕೆಂಬುದು ರೂಢಿ. ಆದ್ದರಿಂದ 4 ಅಂಗುಲ ಅಗಲ, 6 ಅಂಗುಲ ಎತ್ತರದ ಚಿತ್ರಕ್ಕೆ 1,200 ಗುಣಿಸು 1,800 ಚುಕ್ಕೆಗಳು ಬೇಕು. ಮೊಬೈಲ್ ಸಂದೇಶದಲ್ಲಿ ಬಂದ ಕುಗ್ಗಿದ ಚಿತ್ರವು ಇದಕ್ಕೆ ಸಾಲದೇ ಹೋಗಬಹುದು. ಈ ಕೊರತೆಯನ್ನು ದುಬಾರಿ ತಂತ್ರಾಂಶವೂ ಪೂರ್ತಿಯಾಗಿ ತುಂಬಿಕೊಡಲಾರದು.

2. ಉಚಿತವಾಗಿ ದೊರೆಯುವವು

ಛಾಯಾಚಿತ್ರಗಳನ್ನು ತಿದ್ದಲು ಗಿಂಪ್, ರೇಖಾಚಿತ್ರಗಳಿಗೆ ಇಂಕ್‌ಸ್ಕೇಪ್, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಪ್ರಸಿದ್ಧವಾದವು. ಗಿಂಪ್ 1996ರಲ್ಲಿ, ಇಂಕ್‌ಸ್ಕೇಪ್ 2003ರಲ್ಲಿ ಬಳಕೆಗೆ ಬಂದವು, ಗಿಂಪ್‌ನ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಇವು ಮುಕ್ತ ತಂತ್ರಾಂಶಗಳು. ಇವನ್ನು ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ, ಎಷ್ಟು ಯಂತ್ರಗಳಲ್ಲಿ ಬೇಕಾದರೂ ಅಳವಡಿಸಬಹುದು, ಇವುಗಳಲ್ಲಿ ರಚಿಸಿದ ಲೇಬಲ್‌ನ ಮೇಲೆ ತಯಾರಕರಿಗೆ ಯಾವ ಹಕ್ಕೂ ಇಲ್ಲ.

ಉಚಿತವಾದುದೆಲ್ಲವೂ ಮುಕ್ತವಲ್ಲ ಎಂಬುದನ್ನೂ ಗಮನಿಸಬೇಕು. ಹಿಂದೆ ಮಾರಾಟವಾಗುತ್ತಿದ್ದ ಅಫಿನಿಟಿ ತಂತ್ರಾಂಶವನ್ನು ಅದರ ಒಡೆತನ ಪಡೆದ ಕ್ಯಾನ್ವಾ ಸಂಸ್ಥೆಯು 2025ರ ಅಕ್ಟೋಬರ್‌ನಲ್ಲಿ ಉಚಿತಗೊಳಿಸಿತು. ಬಳಸುವವರಿಗೆ ಇದು ಲಾಭವೇ. ಆದರೆ ಇಂತಹ ತಂತ್ರಾಂಶದ ಷರತ್ತುಗಳನ್ನು ಬದಲಿಸುವ ಅಧಿಕಾರ ಒಡೆಯನಲ್ಲಿಯೇ ಇರುತ್ತದೆ. ಅಂತರ್ಜಾಲದ ಸಿದ್ಧ ಮಾದರಿಗಳನ್ನು ಬಳಸುವವರಿಗೂ ಒಂದು ಎಚ್ಚರಿಕೆ: ಊರಿನ ಇನ್ನೊಬ್ಬ ವರ್ತಕನೂ ಆರಿಸಿಕೊಳ್ಳಬಹುದಾದ ಚಿತ್ರವನ್ನು ತಮ್ಮದೇ ವ್ಯಾಪಾರ ಚಿಹ್ನೆಯೆಂದು ಕಾಪಾಡಿಕೊಳ್ಳುವುದು ಕಷ್ಟ.

3. ಹಣ ತೆತ್ತು ಪಡೆಯುವವು

ಫೋಟೋಶಾಪ್ ಮತ್ತು ಕೋರೆಲ್‌ಡ್ರಾ ಮುದ್ರಣೋದ್ಯಮಕ್ಕೆ ಬಹುಕಾಲದ ಪರಿಚಯದವು. ಇವುಗಳಲ್ಲಿ ಪಳಗಿದ ವಿನ್ಯಾಸಗಾರರು ಸುಲಭವಾಗಿ ದೊರೆಯುತ್ತಾರೆ. ದಿನವಿಡೀ ಚಿತ್ರದ ಕೆಲಸವನ್ನೇ ಮಾಡುವವರಿಗೆ ಉಳಿಯುವ ಸಮಯವೇ ಖರ್ಚನ್ನು ತೀರಿಸುತ್ತದೆ. ಆದರೆ ಫೋಟೋಶಾಪ್‌ನ ತಯಾರಕರಾದ ಅಡೋಬಿ ಸಂಸ್ಥೆಯು 2013ರಿಂದ ಚಂದಾ ಪದ್ಧತಿಗೆ ತಿರುಗಿತು. ಚಂದಾ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ.

ಲೆಕ್ಕವನ್ನು ಒಂದು ತಿಂಗಳಿಗಲ್ಲ, ಮೂರು ವರ್ಷಕ್ಕೆ ಹಾಕಬೇಕು. ಉದಾಹರಣೆಗಾಗಿ ಚಂದಾ ತಿಂಗಳಿಗೆ 2,000 ರೂ. ಎಂದು ಹಿಡಿದರೆ ಮೂರು ವರ್ಷಕ್ಕೆ 72,000 ರೂ.; ಶೇ. 18ರ ಜಿಎಸ್‌ಟಿ ಸೇರಿ 84,960 ರೂ. ಸಾಮಾನ್ಯ ನೋಂದಣಿಯುಳ್ಳವರು ಈ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಉಚಿತ ತಂತ್ರಾಂಶದ ಲೆಕ್ಕದಲ್ಲಿಯೂ ಕಲಿಯಲು ತಗಲುವ ದಿನಗಳ ಕೂಲಿಯನ್ನು ಸೇರಿಸುವುದು ನ್ಯಾಯ.

4. ಮುದ್ರಣಾಲಯದ ಅಗತ್ಯಗಳು

ಗಣಕಯಂತ್ರದ ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ; ಮುದ್ರಣಾಲಯವು ಸಾಮಾನ್ಯವಾಗಿ ನಾಲ್ಕು ಶಾಯಿಗಳಿಂದ ಬಣ್ಣ ಕಟ್ಟುತ್ತದೆ. ಪರದೆಯಲ್ಲಿ ಹೊಳೆಯುವ ಬೊಂಬೆಯ ಹಳದಿ ಮತ್ತು ಕೆಂಪು ಬಣ್ಣಗಳು ಕಾಗದದ ಮೇಲೆ ಮಂಕಾಗುವುದಕ್ಕೆ ಇದೇ ಕಾರಣ. ಫೋಟೋಶಾಪ್ ಮತ್ತು ಕೋರೆಲ್‌ಡ್ರಾಗಳಲ್ಲಿ ನೇರವಾಗಿ ನಾಲ್ಕು ಶಾಯಿಗಳ ಲೆಕ್ಕದಲ್ಲಿಯೇ ಕೆಲಸ ಮಾಡಬಹುದು. ಗಿಂಪ್ 3.0ರಲ್ಲಿ ಮುದ್ರಣದ ಬಣ್ಣವನ್ನು ಪರದೆಯ ಮೇಲೆ ಅಂದಾಜಿಸಿ ನೋಡಿ, ಕಡತವನ್ನು ಹಾಗೆ ರಫ್ತು ಮಾಡಲು ಸಾಧ್ಯವಿದೆಯಾದರೂ ಚಿತ್ರವನ್ನು ತಿದ್ದುವುದು ಪರದೆಯ ಬಣ್ಣಗಳಲ್ಲಿಯೇ. ನಾಲ್ಕು ಬಣ್ಣದ ಪಿಡಿಎಫ್ ಸಿದ್ಧಪಡಿಸಲು ಸ್ಕ್ರೈಬಸ್ ನೆರವಾಗುತ್ತದೆ. ಯಾವ ತಂತ್ರಾಂಶವಾದರೂ ಪೂರ್ತಿ ಮುದ್ರಣಕ್ಕೆ ಮುನ್ನ ಒಂದು ಮಾದರಿ ಪ್ರತಿಯನ್ನು ಕಣ್ಣಾರೆ ನೋಡುವುದು ಒಳಿತು.

ಕನ್ನಡ ಅಕ್ಷರಗಳ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಹಳೆಯ ನುಡಿ ಮೊದಲಾದ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಲೇಬಲ್ ಅನ್ನು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗಿಂಪ್ ಹಾಗೂ ಇಂಕ್‌ಸ್ಕೇಪ್ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ. ಮುದ್ರಣಾಲಯಕ್ಕೆ ಕಳುಹಿಸುವ ಪ್ರತಿಯಲ್ಲಿ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಬೇಕು. ಮುದ್ರಕರು ಇದನ್ನೇ ಕರ್ವ್ ಮಾಡುವುದು ಎನ್ನುತ್ತಾರೆ. ಹೀಗೆ ಪರಿವರ್ತಿಸಿದ ಪ್ರತಿಯಲ್ಲಿ ಅಕ್ಷರ ತಿದ್ದಲಾಗದು. ಆದ್ದರಿಂದ ತಿದ್ದಬಹುದಾದ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳತಕ್ಕದ್ದು.

5. ಕಳ್ಳಪ್ರತಿಯ ಅಪಾಯ

ಪರವಾನಗಿಯಿಲ್ಲದ ನಕಲು ತಂತ್ರಾಂಶವನ್ನು ಉಚಿತವೆಂದು ಭಾವಿಸುವುದು ಅಪಾಯಕರ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ, ತಿಳಿದೂ ತಿಳಿದೂ ಕಳ್ಳಪ್ರತಿಯನ್ನು ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಅದೇ ಪ್ರಕರಣದಲ್ಲಿರುವ ರಿಯಾಯಿತಿಯು ವ್ಯಾಪಾರ ಅಥವಾ ಲಾಭದ ಉದ್ದೇಶವಿಲ್ಲದ ಬಳಕೆಗೆ ಮೀಸಲು. ಅಂಗಡಿ, ಕಾರ್ಖಾನೆಗಳಿಗೆ ಅದು ದೊರೆಯದು.

6. ನಿರ್ಧಾರ

ಸಣ್ಣ ಉದ್ದಿಮೆಗೆ ಲೇಬಲ್ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನಶಾಸ್ತ್ರ ನಿಯಮಗಳಂತೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಜೊತೆಗೆ ಕನ್ನಡವನ್ನೂ ಬಳಸಲು ಈ ನಿಯಮಗಳಲ್ಲಿ ಅವಕಾಶವಿದೆ. ಬೆಲೆ ಬದಲಾದಾಗಲೆಲ್ಲ ಲೇಬಲ್ ಬದಲಾಗಬೇಕು. ಮೂಲ ಕಡತವು ವಿನ್ಯಾಸಗಾರನ ಬಳಿಯಲ್ಲಿ ಮಾತ್ರ ಇದ್ದರೆ, ಒಂದು ಅಂಕಿಯನ್ನು ತಿದ್ದಲೂ ಅವನ ಬಿಡುವಿಗಾಗಿ ಕಾಯಬೇಕಾಗುತ್ತದೆ.

ಆದುದರಿಂದ, ತಿಂಗಳಿಗೆ ನಾಲ್ಕಾರು ಲೇಬಲ್, ದರಪಟ್ಟಿ ತಿದ್ದುವವರಿಗೆ ಉಚಿತ ತಂತ್ರಾಂಶವೇ ಸಾಕು. ನೂರಾರು ಛಾಯಾಚಿತ್ರಗಳನ್ನು ಸತತವಾಗಿ ಸಿದ್ಧಪಡಿಸುವವರೂ, ಖರೀದಿದಾರರು ನಿರ್ದಿಷ್ಟ ಸ್ವರೂಪದ ಕಡತವನ್ನೇ ಕೇಳುವಂತಹ ರಫ್ತುದಾರರೂ ಒಬ್ಬ ನೌಕರನ ಯಂತ್ರಕ್ಕೆ ಮಾತ್ರ ಪರವಾನಗಿ ಕೊಂಡು, ಉಳಿದವರಿಗೆ ಉಚಿತವಾದುದನ್ನು ಒದಗಿಸಬಹುದು. ಕೆಲಸವನ್ನು ಹೊರಗೆ ಮಾಡಿಸುವವರು ಹಣ ಪಾವತಿಸುವ ಮೊದಲು ತಿದ್ದಬಹುದಾದ ಮೂಲ ಕಡತ, ಎಸ್‌ವಿಜಿ ಪ್ರತಿ, ಪಿಡಿಎಫ್ ಪ್ರತಿ ಹಾಗೂ ಬಳಸಿದ ಫಾಂಟ್‌ಗಳ ಹೆಸರು ಈ ನಾಲ್ಕನ್ನೂ ಪಡೆದು ಎರಡು ಕಡೆ ಕಾಪಿಡಬೇಕು. ತಂತ್ರಾಂಶ ಇಂದು ಒಂದು, ನಾಳೆ ಇನ್ನೊಂದು ಆಗಬಹುದು. ಲೇಬಲ್‌ನ ಮೂಲ ಪ್ರತಿ ಉದ್ದಿಮೆಯ ಆಸ್ತಿಯಾಗಿ ಮಾಲೀಕರ ಕೈಯಲ್ಲಿಯೇ ಇರಬೇಕು.